ಬೇರಿನ ಬೂಷ್ಟು ಮತ್ತು ನಮ್ಮ ಗೊಬ್ಬರದ ಚೀಲ
(ಬೆಳ್ಳಿಹಬ್ಬದ ರೈತಗೋಷ್ಠಿಯಲ್ಲಿ ಮಾಡಿದ ಭಾಷಣ)



ಸಾಲ, ಷೇರು, ಡಿವಿಡೆಂಡಿನ ಮಾತನ್ನು ಹಿರಿಯರು ಆಗಲೇ ಆಡಿದ್ದಾರೆ. ನಾವು ನೆಲದೊಳಗಿನ ಇನ್ನೊಂದು ಸಹಕಾರದ ವಿಷಯ ಹೇಳುತ್ತೇವೆ.

ಮೊದಲು ನಮ್ಮ ತಪ್ಪನ್ನೇ ಹೇಳಿಬಿಡೋಣ. ನಾಲ್ಕು ವರ್ಷದ ಹಿಂದೆ ಹೊಲ ಮಟ್ಟ ಮಾಡಿಸಿದೆವು. ಮೇಲ್ಮಣ್ಣೆಲ್ಲ ಒಂದು ಮೂಲೆಗೆ ಹೋಯಿತು. ಉಳಿದ ಕಡೆ ಮೆಕ್ಕೆಜೋಳ ಮೊಣಕಾಲುದ್ದಕ್ಕೇ ನಿಂತು ಎಲೆ ನೇರಳೆ ಬಣ್ಣಕ್ಕೆ ತಿರುಗಿತು. ಸಂಘದಿಂದ ಡಿ.ಎ.ಪಿ. ತಂದು ಸುರಿದೆವು. ಮರುವರ್ಷವೂ ಅದೇ ಹಾಡು. ಮೂಲೆಯ ಮಣ್ಣಿನ ಜತೆ ಏನು ಹೋಗಿತ್ತು ಅನ್ನೋದು ಆಮೇಲೆ ತಿಳಿಯಿತು.

ಬೂಷ್ಟು ಅಂದರೆ ಬೇರು ಕೊಳೆಸುವ ರೋಗ ಅಂತಲೇ ತಿಳೀಬ್ಯಾಡ್ರಿ. ಬೇರಿನೊಳಗೇ ಮನೆ ಮಾಡಿಕೊಂಡು ಗಿಡವನ್ನು ಸಾಕುವ ಶಿಲೀಂಧ್ರವೂ ಇದೆ. ಜರ್ಮನಿಯ ಫ್ರಾಂಕ್ ಎಂಬ ವಿಜ್ಞಾನಿ 1885ರಲ್ಲಿ ಈ ನಂಟಿಗೆ ಮೈಕೊರೈಜಾ ಎಂದು ಹೆಸರಿಟ್ಟರು. ನಮ್ಮ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದಲ್ಲಿ ಡಾ. ಡಿ. ಜೆ. ಭಾಗ್ಯರಾಜ್ ಅವರು ದಶಕಗಳ ಕಾಲ ಇದರ ಮೇಲೆ ಕೆಲಸ ಮಾಡಿದರು.

ರಂಜಕ ಮಣ್ಣಿನಲ್ಲಿ ಸುಲಭವಾಗಿ ಓಡಾಡದು. ಸಂಡೂರಿನ ಕೆಂಪು ಮಣ್ಣಿನಲ್ಲಿ ಕಬ್ಬಿಣ, ಎರೆ ಹೊಲದಲ್ಲಿ ಸುಣ್ಣ ಅದನ್ನು ಹಿಡಿದಿಡುತ್ತದೆ. ಬೇರಿನ ಸುತ್ತ ಒಂದೆರಡು ಮಿಲಿಮೀಟರಿನಲ್ಲಿದ್ದದ್ದು ತೀರಿದರೆ ಬೇರು ಹಸಿದು ಕೂರುತ್ತದೆ. ಆಗ ಕೂದಲಿಗಿಂತ ಸಣ್ಣ ಬೂಷ್ಟಿನ ಎಳೆಗಳು ಹಲವು ಸೆಂಟಿಮೀಟರ್ ಆಚೆ ಹೋಗಿ ರಂಜಕ, ಸತು ತಂದುಕೊಡುತ್ತವೆ. ಪುಕ್ಕಟೆ ಅಲ್ಲ, ಎಲೆ ಮಾಡಿದ ಸಕ್ಕರೆಯಲ್ಲಿ ಪಾಲು ಕೊಡಬೇಕು. ಡಿ.ಎ.ಪಿ. ಧಾರಾಳವಾಗಿ ಸಿಕ್ಕರೆ ಗಿಡವೇ ಈ ಪಾಲು ಕಡಿಮೆ ಮಾಡುತ್ತದೆ, ಬೂಷ್ಟು ಸೊರಗುತ್ತದೆ.

ಕಳೆಯ ವಿಷಯಕ್ಕೆ ಬರೋಣ. ಜೋಳ, ಮೆಕ್ಕೆಜೋಳ, ಈರುಳ್ಳಿ, ಮೆಣಸಿನಕಾಯಿ, ಶೇಂಗಾ, ಬಾಳೆ ಇವೆಲ್ಲ ಬೂಷ್ಟನ್ನು ಮನೆಗೆ ಸೇರಿಸುತ್ತವೆ. ಸಾಸಿವೆ, ಕೋಸು ಸೇರಿಸುವುದಿಲ್ಲ. ರಾಜಗಿರಿ ಜಾತಿಯ ಕಳೆಯೂ ಹೆಚ್ಚುಕಡಿಮೆ ಹಾಗೆಯೇ. ಎಳೆಗಳು ಜೀವಂತ ಇರುವ ಹೊಲದಲ್ಲಿ ಜೋಳದ ಸಸಿ ಬೇಗ ಅವುಗಳಿಗೆ ಸೇರಿಕೊಳ್ಳುತ್ತದೆ, ರಾಜಗಿರಿ ಒಂಟಿಯಾಗಿ ಹುಡುಕಾಡಬೇಕು. ಹಾಗಂತ ಕಳೆ ತೆಗೆಯೋದು ಬಿಡಬ್ಯಾಡ್ರಿ! ಗರಿಕೆಗೂ ಕಾಂಗ್ರೆಸ್ ಕಸಕ್ಕೂ ಇದೇ ಬೂಷ್ಟು ಅನ್ನ ಹಾಕುತ್ತದೆ.

ಕಂಪ್ಲಿ ಕಡೆ ಭತ್ತದ ಮೇಲೆ ಭತ್ತ ಬೆಳೆಯುತ್ತಾರೆ. ನೀರು ನಿಂತ ಗದ್ದೆಯಲ್ಲಿ ಇದು ಅಷ್ಟಾಗಿ ಬಾಳದು. ಹೊಸಪೇಟೆ, ಹಂಪಿಯ ಬಾಳೆ ತೋಟದವರು ಇನ್ನೊಂದು ಗಮನಿಸಬೇಕು. ಕಂದಿನ ಬೇರಿನ ಜತೆ ಬೂಷ್ಟು ಬರಬಹುದು. ಅಂಗಾಂಶ ಕೃಷಿಯ ಸಸಿ ಬಾಟಲಿಯಲ್ಲಿ ಹುಟ್ಟಿದ್ದು, ಅದರ ಬೇರು ಬರೀ ಬೇರು. ಸಂಡೂರಿನ ಗಣಿ ಗುಡ್ಡೆಗಳ ಕಥೆಯೂ ಅದೇ: ಮೇಲ್ಮಣ್ಣು ಅಡಿಗೆ ಹೋದ ಮೇಲೆ ನೆಟ್ಟ ಸಸಿಗೆ ಜತೆಗಾರನಿಲ್ಲ. 2011ರಲ್ಲಿ ಸುಪ್ರೀಂ ಕೋರ್ಟ್ ಗಣಿಗಾರಿಕೆ ತಡೆದು, ಆಮೇಲೆ ಪುನಶ್ಚೇತನದ ಷರತ್ತು ಹಾಕಿತು. ಗಿಡ ನೆಡುವವರು ನರ್ಸರಿಯಲ್ಲೇ ಬೂಷ್ಟು ಕೊಟ್ಟು ಕಳಿಸಿದರೆ ಬದುಕುವ ಸಸಿ ಹೆಚ್ಚಾಗಬಹುದು ಅಂತ ನಮ್ಮ ಅನಿಸಿಕೆ.

ಡಿ.ಎ.ಪಿ. ಮಾರಾಟದಿಂದ ಸಂಘಕ್ಕೂ ಆದಾಯ ಇದೆ, ಹೌದು. ಆದರೂ ಕೇಳುತ್ತೇವೆ: ಮಣ್ಣು ಪರೀಕ್ಷೆಯ ಚೀಟಿ ನೋಡಿಯೇ ಚೀಲ ಕೊಡೋಣ. ಬರುವ ಮುಂಗಾರಿಗೆ ನಮ್ಮ ಆ ಕೆಟ್ಟ ಹೊಲದಲ್ಲೇ ನಾಲ್ಕು ಸಾಲಿಗೆ ಬೇರಿಗೆ ತಾಗುವಂತೆ ಬೂಷ್ಟಿನ ಪುಡಿ ಹಾಕುತ್ತೇವೆ, ನಾಲ್ಕು ಸಾಲು ಹಾಗೇ ಬಿಡುತ್ತೇವೆ. ಕೊಯ್ಲಿನ ದಿನ ಎಲ್ಲರೂ ಬನ್ನಿ. ತೂಕದ ಕಾಟಾ ಸಂಘದ್ದೇ ತರೋಣ.