ಪ್ರಶ್ನೆ ಕೇಳುವವರು ಶಾಸಕರು, ಲೆಕ್ಕ ಕೊಡಬೇಕಾದವರು ನಾವು

(ಸಂಘದ ಬೆಳ್ಳಿಹಬ್ಬದ ಸಮಾರಂಭದಲ್ಲಿ ನಿರ್ದೇಶಕರೊಬ್ಬರು ಮಾಡಿದ ಭಾಷಣದ ಬರಹರೂಪ)



ನಮ್ಮ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ನಾಲ್ಕು ಮಾತು ಆಡಬೇಕೆಂದು ಆಡಳಿತ ಮಂಡಳಿಯವರು ಅಪ್ಪಣೆ ಮಾಡಿದ್ದಾರೆ. ಸಂಘ ಬೆಳೆದು ಬಂದ ದಾರಿಯನ್ನು ಕಾರ್ಯದರ್ಶಿಗಳು ವರದಿಯಲ್ಲಿ ಓದಿದ್ದಾರೆ. ಅದನ್ನೇ ಮತ್ತೆ ಹೇಳಿ ನಿಮ್ಮ ಹೊತ್ತು ಕಳೆಯುವುದಿಲ್ಲ. ನಾವು ಎಸ್.ಎಸ್.ಎಲ್.ಸಿ. ಓದಿ ನೇಗಿಲು ಹಿಡಿದವರು, ಕಾನೂನು ಪಂಡಿತರಲ್ಲ. ಆದರೂ ಒಂದು ವಿಷಯವನ್ನು ತಮ್ಮ ಮುಂದೆ ಇಡಬೇಕೆಂದು ಬಹಳ ದಿನದಿಂದ ಮನಸ್ಸಿನಲ್ಲಿತ್ತು. ಶಾಸಕರು ಸದನದಲ್ಲಿ ಎದ್ದುನಿಂತು ಮಂತ್ರಿಗಳನ್ನು ಪ್ರಶ್ನೆ ಕೇಳುತ್ತಾರಲ್ಲ, ಆ ಪ್ರಶ್ನೆಗೂ ನಮ್ಮ ಡೈರಿಯ ಹಾಲಿನ ಕ್ಯಾನಿಗೂ ಏನು ಸಂಬಂಧ ಎನ್ನುವುದೇ ಆ ವಿಷಯ.

ಸಂಬಂಧ ಇದೆ. ಮೊದಲು ನಮ್ಮ ಮನೆಯ ಲೆಕ್ಕದಿಂದಲೇ ನೋಡೋಣ. ಸರ್ಕಾರ ಹಾಲು ಉತ್ಪಾದಕರಿಗೆ ಪ್ರೋತ್ಸಾಹಧನ ಕೊಡಲು ಶುರುಮಾಡಿದ್ದು 2008ರಲ್ಲಿ, ಲೀಟರಿಗೆ 2 ರೂಪಾಯಿಯಂತೆ. 2013ರಲ್ಲಿ ಅದು 4 ರೂಪಾಯಿ ಆಯಿತು. 2016ರಲ್ಲಿ 5 ರೂಪಾಯಿ ಆಯಿತು. ಒಂದು ಮನೆಯಿಂದ ದಿನಕ್ಕೆ 8 ಲೀಟರು ಹಾಕಿದರೆ ದಿನಕ್ಕೆ 40 ರೂಪಾಯಿ, ತಿಂಗಳಿಗೆ 1,200 ರೂಪಾಯಿ. ಮೂರು ತಿಂಗಳು ಬಾರದಿದ್ದರೆ 3,600 ರೂಪಾಯಿ ನಿಂತುಹೋಯಿತು. ಬಟವಾಡೆಯ ದುಡ್ಡು ಬೂಸಾಕ್ಕೆ, ಹಿಂಡಿಗೆ ಹೋಗುತ್ತದೆ. ಈ ಪ್ರೋತ್ಸಾಹಧನ ಮಕ್ಕಳ ಫೀಜಿಗೆ, ಹಬ್ಬಕ್ಕೆ, ಆಸ್ಪತ್ರೆಗೆ ಅಂತ ನಮ್ಮ ಹೆಣ್ಣುಮಕ್ಕಳು ನೆಚ್ಚಿಕೊಂಡಿರುವ ದುಡ್ಡು. ಅದು ತಡವಾದಾಗ ನಾವು ಡೈರಿ ಜಗುಲಿ ಮೇಲೆ ಕೂತು ಬೈಕೋತೀವಿ. ಕಾರ್ಯದರ್ಶಿಯನ್ನು ಬೈತೀವಿ. ಅವರ ಕೈಲಿ ಏನೂ ಇಲ್ಲ. ಆ ಹಣ ಸರ್ಕಾರದ ಬಜೆಟ್ಟಿನಿಂದ ಬಿಡುಗಡೆಯಾಗಿ ಸೀದಾ ನಮ್ಮ ಬ್ಯಾಂಕ್ ಖಾತೆಗೆ ಬರಬೇಕು. ಯಾಕೆ ತಡವಾಯಿತು ಎಂದು ಮಂತ್ರಿಗಳನ್ನು ನಿಲ್ಲಿಸಿ ಕೇಳುವ ಅಧಿಕಾರ ಇರುವ ಜಾಗ ಒಂದೇ. ಅದು ವಿಧಾನಮಂಡಲ.

ಈ ಕೇಳುವ ಪದ್ಧತಿ ನಮ್ಮ ನಾಡಿಗೆ ನೆನ್ನೆ ಮೊನ್ನೆ ಬಂದದ್ದಲ್ಲ. 1881ರಲ್ಲಿ ದಿವಾನ್ ರಂಗಾಚಾರ್ಲು ಅವರು ದಸರೆಯ ಕಾಲಕ್ಕೆ ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆಯನ್ನು ಸೇರಿಸಿದರು. ಮೊದಲ ಸಭೆಗೆ 144 ಜನ ಪ್ರತಿನಿಧಿಗಳು. ಅವರಲ್ಲಿ ರೈತರೂ ಇದ್ದರು, ವರ್ತಕರೂ ಇದ್ದರು. ಆಗ ನಮ್ಮ ಮಧುಗಿರಿಗೆ ಮದ್ದಗಿರಿ ಎಂದು ಹೆಸರು. ಪ್ರತಿನಿಧಿಗಳು ತಮ್ಮ ತಮ್ಮ ಸೀಮೆಯ ಕಷ್ಟಸುಖ ಹೇಳಿಕೊಳ್ಳಬಹುದಿತ್ತು, ಅಷ್ಟೇ. ಕಾನೂನಿನ ಬಲ ಬಂದದ್ದು 1923ರಲ್ಲಿ. ಆ ವರ್ಷದ ಕಾಯಿದೆಯಿಂದ ಸಭೆಗೆ ಪ್ರಶ್ನೆ ಕೇಳುವ, ಬಜೆಟ್ ಮೇಲೆ ಮಾತಾಡುವ ಹಕ್ಕು ಬಂತು. ಅಂದರೆ ಅರಿಕೆ ಮಾಡಿಕೊಳ್ಳುವುದರಿಂದ ಲೆಕ್ಕ ಕೇಳುವ ಹಂತಕ್ಕೆ ಬರಲು ನಮ್ಮ ಹಿರಿಯರಿಗೆ 42 ವರ್ಷ ಬೇಕಾಯಿತು. ಸ್ವಾತಂತ್ರ್ಯ ಬಂದ ಮೇಲೆ ಸಂವಿಧಾನವೇ ಹೇಳಿಬಿಟ್ಟಿತು: ಮಂತ್ರಿಮಂಡಲ ಒಟ್ಟಾಗಿ ವಿಧಾನಸಭೆಗೆ ಹೊಣೆ. 164ನೇ ಅನುಚ್ಛೇದದಲ್ಲಿ ಇದೆ. ಹೊಣೆ ಅಂದಮೇಲೆ ಕೇಳಿದ್ದಕ್ಕೆ ಉತ್ತರ ಹೇಳಬೇಕು.

ಈಗ ಅಲ್ಲಿ ನಡೆಯುವುದು ಹೇಗೆ? ಸದನ ನಡೆಯುವ ದಿನ ಪ್ರಶ್ನೋತ್ತರ ಅಂತ ಒಂದು ಹೊತ್ತು ಇಡುತ್ತಾರೆ. ಚುಕ್ಕೆ ಗುರುತಿನ ಪ್ರಶ್ನೆಗೆ ಮಂತ್ರಿಗಳು ಎದ್ದುನಿಂತು ಬಾಯಲ್ಲಿ ಉತ್ತರ ಹೇಳಬೇಕು. ಆ ಉತ್ತರ ಸರಿಬರದಿದ್ದರೆ ಶಾಸಕರು ಅಲ್ಲೇ ಉಪಪ್ರಶ್ನೆ ಹಾಕಬಹುದು. ಚುಕ್ಕೆ ಗುರುತಿಲ್ಲದ ಪ್ರಶ್ನೆಗೆ ಲಿಖಿತ ಉತ್ತರ ಬರುತ್ತದೆ. ಎರಡಕ್ಕೂ ಮುಂಚಿತವಾಗಿ ಬರೆದು ಕೊಡಬೇಕು. ಲೋಕಸಭೆಯಲ್ಲಾದರೆ 15 ದಿನ ಮುಂಚೆ ಕೊಡಬೇಕೆಂಬ ನಿಯಮವಿದೆ. ಹೀಗೆ ಬರೆದು ಕೊಟ್ಟ ಪ್ರಶ್ನೆ ಇಲಾಖೆಗೆ ಹೋಗುತ್ತದೆ, ಇಲಾಖೆಯಿಂದ ಜಿಲ್ಲೆಗೆ, ಜಿಲ್ಲೆಯಿಂದ ತಾಲ್ಲೂಕಿಗೆ ಬರುತ್ತದೆ. ‘ಅಸೆಂಬ್ಲಿ ಪ್ರಶ್ನೆ ಬಂದಿದೆ’ ಅಂದರೆ ಸಾಕು, ಕಚೇರಿಯಲ್ಲಿ ಕಪಾಟಿನ ಮೂಲೆಯ ಫೈಲು ಕೂಡ ಮೇಜಿನ ಮೇಲೆ ಬರುತ್ತದೆ. ಎಷ್ಟೋ ಸಲ ಉತ್ತರ ಸದನಕ್ಕೆ ಹೋಗುವುದಕ್ಕೆ ಮೊದಲೇ ಕೆಟ್ಟ ಕೊಳವೆಬಾವಿ ಮೋಟರು ರಿಪೇರಿ ಆಗಿಬಿಡುತ್ತದೆ. ಕೂಸು ಅತ್ತರೇನೇ ತಾಯಿ ಹಾಲು ಕೊಡೋದು ಅಂತ ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ.

ಆದರೆ ಅಳುವುದಕ್ಕೂ ಒಂದು ರೀತಿ ಬೇಕು. ಸದನದ ಪ್ರಶ್ನೋತ್ತರದ ಹಾಳೆಯನ್ನು ನಿಮ್ಮಲ್ಲಿ ಕೆಲವರು ನೋಡಿರಬಹುದು. ಎಡಗಡೆ ಪ್ರಶ್ನೆ, ಬಲಗಡೆ ಉತ್ತರ. ಪ್ರಶ್ನೆಯನ್ನು ಅ, ಆ, ಇ ಅಂತ ಭಾಗ ಮಾಡಿರುತ್ತಾರೆ. ಈಗ ಒಬ್ಬರು ಹೀಗೆ ಕೇಳಿದರು ಅಂತ ಇಟ್ಟುಕೊಳ್ಳಿ: ‘(ಅ) ಹಾಲು ಉತ್ಪಾದಕರು ತೊಂದರೆ ಅನುಭವಿಸುತ್ತಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ? (ಆ) ಬಂದಿದ್ದಲ್ಲಿ, ಕೈಗೊಂಡ ಕ್ರಮಗಳೇನು?’ ಬಲಗಡೆ ಉತ್ತರ ಏನು ಬರಬಹುದು? ‘(ಅ) ಬಂದಿರುವುದಿಲ್ಲ. (ಆ) ಉದ್ಭವಿಸುವುದಿಲ್ಲ.’ ಮುಗೀತು. ಎರಡು ಪದದಲ್ಲಿ ನಮ್ಮ ಕಷ್ಟವೆಲ್ಲ ಉದ್ಭವವಾಗದೇ ಹೋಯಿತು! ಇಂಥ ಪ್ರಶ್ನೆ ಆಟಕ್ಕುಂಟು, ಲೆಕ್ಕಕ್ಕಿಲ್ಲ.

ಅದನ್ನೇ ಇನ್ನೊಂದು ರೀತಿ ಕೇಳಬಹುದು. ‘(ಅ) ಮಧುಗಿರಿ ತಾಲ್ಲೂಕಿನ ಹಾಲು ಉತ್ಪಾದಕರಿಗೆ ಯಾವ ತಿಂಗಳವರೆಗೆ ಪ್ರೋತ್ಸಾಹಧನ ಪಾವತಿಯಾಗಿದೆ? (ಆ) ಬಾಕಿ ಇರುವ ತಿಂಗಳುಗಳು ಯಾವುವು, ಮೊತ್ತವೆಷ್ಟು? (ಇ) ಆಧಾರ್ ಜೋಡಣೆಯ ದೋಷದಿಂದ ಹಣ ಜಮೆಯಾಗದ ಉತ್ಪಾದಕರು ಎಷ್ಟು ಮಂದಿ? (ಈ) ಬಾಕಿಯನ್ನು ಯಾವ ದಿನಾಂಕದೊಳಗೆ ಪಾವತಿಸಲಾಗುವುದು?’ ಇದಕ್ಕೆ ‘ಉದ್ಭವಿಸುವುದಿಲ್ಲ’ ಅನ್ನಲು ಬರುವುದಿಲ್ಲ. ತಿಂಗಳ ಹೆಸರು ಬರೆಯಬೇಕು, ಅಂಕಿ ಬರೆಯಬೇಕು. 2025ರ ಏಪ್ರಿಲ್ 1ರಿಂದ ನಂದಿನಿ ಹಾಲಿನ ಮಾರಾಟ ದರ ಲೀಟರಿಗೆ 4 ರೂಪಾಯಿ ಏರಿತು. ಅಷ್ಟನ್ನೂ ರೈತರಿಗೇ ಕೊಡುತ್ತೇವೆಂದು ಸರ್ಕಾರ ಹೇಳಿತು. ಸಂತೋಷ. ಜಿಲ್ಲಾವಾರು ಯಾವ ಒಕ್ಕೂಟ ಎಷ್ಟು ಕೊಟ್ಟಿದೆ, ಎಂದಿನಿಂದ ಕೊಟ್ಟಿದೆ ಅಂತ ಒಂದು ಪಟ್ಟಿ ಕೇಳಿದರೆ, ಹೇಳಿದ ಮಾತು ನಡೆಯಿತೋ ಇಲ್ಲವೋ ಎಲ್ಲರಿಗೂ ಗೊತ್ತಾಗುತ್ತದೆ.

ಕುಡಿಯುವ ನೀರಿನ ಮಾತೂ ಹೀಗೇ. ಮಧುಗಿರಿ, ಪಾವಗಡ, ಶಿರಾ ಭಾಗದ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಇರುವುದು ಎಲ್ಲರಿಗೂ ಗೊತ್ತು. ನಮ್ಮ ಮಕ್ಕಳ ಹಲ್ಲೇ ಅದಕ್ಕೆ ಸಾಕ್ಷಿ. ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು ಎಂಬುದು ಪ್ರಮಾಣ. ಊರೂರಿಗೆ ಶುದ್ಧ ನೀರಿನ ಘಟಕ ಇಟ್ಟಿದ್ದಾರೆ. ಎಷ್ಟು ಇಟ್ಟಿದ್ದೀರಿ ಎಂದು ಕೇಳಿದರೆ ಸರ್ಕಾರಕ್ಕೆ ಹೆಮ್ಮೆಯ ಉತ್ತರ ಸಿಗುತ್ತದೆ. ಎಷ್ಟು ನಡೆಯುತ್ತಿವೆ, ಎಷ್ಟು ಕೆಟ್ಟು ನಿಂತಿವೆ, ಯಾವ ತಾರೀಖಿನಿಂದ ನಿಂತಿವೆ, ನಿರ್ವಹಣೆ ಯಾರ ಹೊಣೆ ಎಂದು ಕೇಳಿದರೆ ನಮಗೆ ಬೇಕಾದ ಉತ್ತರ ಸಿಗುತ್ತದೆ.

ದೊಡ್ಡ ಯೋಜನೆಗಳಿಗೂ ಇದೇ ಮಾತು. ಎತ್ತಿನಹೊಳೆ ಯೋಜನೆಯ ಅಂದಾಜು ಮೊದಲು 8,323 ಕೋಟಿ ರೂಪಾಯಿ ಇತ್ತು. 2014ರಲ್ಲಿ ಶಂಕುಸ್ಥಾಪನೆ ಆಗುವ ವೇಳೆಗೆ 12,912 ಕೋಟಿ. 2023ಕ್ಕೆ 23,251 ಕೋಟಿ. 2024ರ ಸೆಪ್ಟೆಂಬರ್ 6ರಂದು ಸಕಲೇಶಪುರದ ಬಳಿ ಮೊದಲ ಹಂತದ ಉದ್ಘಾಟನೆಯಾಯಿತು. ನಮ್ಮ ನೆರೆಯ ಕೊರಟಗೆರೆ ತಾಲ್ಲೂಕಿನ ಭೈರಗೊಂಡ್ಲು ಬಳಿ ಜಲಾಶಯ ಎಂದರು. ಶಿರಾ, ಪಾವಗಡದವರು ಭದ್ರಾ ಮೇಲ್ದಂಡೆಯ ದಾರಿ ಕಾಯುತ್ತಾ ಬಂದವರು. 2023ರ ಫೆಬ್ರವರಿಯಲ್ಲಿ ಕೇಂದ್ರದ ಬಜೆಟ್ಟಿನಲ್ಲಿ ಅದಕ್ಕೆ 5,300 ಕೋಟಿ ರೂಪಾಯಿ ನೆರವು ಘೋಷಣೆಯಾಯಿತು. ಆಮೇಲೆ ಆ ದುಡ್ಡು ಎಲ್ಲಿ ಎಂದು ಬೆಂಗಳೂರಿನಲ್ಲೂ ಕೇಳಿದರು, ದಿಲ್ಲಿಯಲ್ಲೂ ಕೇಳಿದರು. ನೀರು ನಮ್ಮ ಕೆರೆಗೆ ಬರುವ ತನಕ ಈ ಪ್ರಶ್ನೆ ಕೇಳುತ್ತಲೇ ಇರಬೇಕು. ಇಲ್ಲೊಂದು ಎಚ್ಚರ ಬೇಕು. ಕೇಂದ್ರದ ಹಣದ ಪ್ರಶ್ನೆಯನ್ನು ಲೋಕಸಭಾ ಸದಸ್ಯರಿಗೆ ಕೊಡಬೇಕು, ರಾಜ್ಯದ ಕಾಮಗಾರಿಯ ಪ್ರಶ್ನೆಯನ್ನು ಶಾಸಕರಿಗೆ ಕೊಡಬೇಕು. ಅದಲು ಬದಲಾದರೆ ಅವರು ಇವರ ಕಡೆ, ಇವರು ಅವರ ಕಡೆ ಕೈ ತೋರಿಸಿಬಿಡುತ್ತಾರೆ.

ಇನ್ನೊಂದು ಸಂಗತಿ. ಮಂತ್ರಿಯಾದವರು ಸದನದಲ್ಲಿ ಪ್ರಶ್ನೆ ಕೇಳುವುದಿಲ್ಲ, ಉತ್ತರ ಹೇಳುವ ಕಡೆ ಕೂರುತ್ತಾರೆ. 2023ರ ಚುನಾವಣೆಯಾದ ಮೇಲೆ ನಮ್ಮ ಮಧುಗಿರಿಯಿಂದ ಗೆದ್ದ ಶ್ರೀ ಕೆ.ಎನ್. ರಾಜಣ್ಣನವರು ಸಹಕಾರ ಸಚಿವರಾಗಿ 2025ರ ಆಗಸ್ಟ್‌ವರೆಗೆ ಇದ್ದರು. ಕೊರಟಗೆರೆಯಿಂದ ಗೆದ್ದ ಡಾ. ಜಿ. ಪರಮೇಶ್ವರ ಅವರು ಗೃಹ ಸಚಿವರಾದರು. ನಮ್ಮವರು ಮಂತ್ರಿಯಾದರೆ ನಮಗೆಲ್ಲ ಹೆಮ್ಮೆ. ಆದರೆ ಅಂಥ ಕಾಲದಲ್ಲಿ ನಮ್ಮ ತಾಲ್ಲೂಕಿನ ಪ್ರಶ್ನೆಯನ್ನು ಅಕ್ಕಪಕ್ಕದ ಕ್ಷೇತ್ರದ ಶಾಸಕರ ಕೈಗೋ ವಿಧಾನ ಪರಿಷತ್ತಿನ ಸದಸ್ಯರ ಕೈಗೋ ಕೊಡಬೇಕಾಗುತ್ತದೆ. ಅದರಲ್ಲಿ ತಪ್ಪೇನೂ ಇಲ್ಲ. ನೀರಿಗೆ, ಹಾಲಿಗೆ ಪಕ್ಷ ಇಲ್ಲ.

ಪ್ರಶ್ನೆ ಕೇಳುವುದು ವಿರೋಧ ಪಕ್ಷದವರ ಕಸುಬು ಎಂದೂ ಕೆಲವರು ತಿಳಿದಿದ್ದಾರೆ. ಹಾಗಲ್ಲ. 1957ರ ಡಿಸೆಂಬರಿನಲ್ಲಿ ಲೋಕಸಭೆಯಲ್ಲಿ ಫಿರೋಜ್ ಗಾಂಧಿಯವರು ಜೀವ ವಿಮಾ ನಿಗಮದ ಹಣದ ಬಗ್ಗೆ ಕೇಳಿದರು. ಮುಂಧ್ರಾ ಎಂಬ ವ್ಯಾಪಾರಿಯ ಕಂಪನಿಗಳಲ್ಲಿ ನಿಗಮ ಸುಮಾರು 1 ಕೋಟಿ 24 ಲಕ್ಷ ರೂಪಾಯಿ ಹಾಕಿತ್ತು. ಫಿರೋಜ್ ಗಾಂಧಿಯವರು ಆಡಳಿತ ಪಕ್ಷದವರೇ, ಪ್ರಧಾನಿ ನೆಹರೂ ಅವರ ಅಳಿಯಂದಿರು ಬೇರೆ. ಆದರೂ ಬಿಡಲಿಲ್ಲ. ವಿಚಾರಣೆ ಆಯಿತು, 1958ರ ಫೆಬ್ರವರಿಯಲ್ಲಿ ಹಣಕಾಸು ಮಂತ್ರಿ ಟಿ.ಟಿ. ಕೃಷ್ಣಮಾಚಾರಿ ರಾಜೀನಾಮೆ ಕೊಟ್ಟರು. ಅವರು ಕೂಗಾಡಿ ಗೆಲ್ಲಲಿಲ್ಲ, ಲೆಕ್ಕ ಇಟ್ಟುಕೊಂಡು ಕೇಳಿ ಗೆದ್ದರು. ನಮ್ಮ ರಾಜ್ಯದಲ್ಲೇ ನೋಡಿದರೆ, ಕಾಗೋಡು ಗೇಣಿದಾರರ ಹೋರಾಟದಲ್ಲಿದ್ದ ಶಾಂತವೇರಿ ಗೋಪಾಲಗೌಡರು 1952ರ ಚುನಾವಣೆಯಲ್ಲಿ ಗೆದ್ದು ಸದನಕ್ಕೆ ಹೋಗಿ ಉಳುವವರ ಪರವಾಗಿ ಸರ್ಕಾರವನ್ನು ಕೇಳಿದವರು. ಗೇಣಿದಾರನಿಗೆ ಭೂಮಿ ಕೊಡಿಸಿದ ಭೂ ಸುಧಾರಣೆ 1974ರಲ್ಲಿ ಜಾರಿಗೆ ಬಂದಾಗ ಗೌಡರು ಇರಲಿಲ್ಲ, 1972ರಲ್ಲೇ ತೀರಿಕೊಂಡಿದ್ದರು. ಕೇಳಿದವರ ಕಾಲಕ್ಕೇ ಫಲ ಸಿಗಬೇಕೆಂದೇನೂ ಇಲ್ಲ. ಕೇಳಿದ್ದು ಮಾತ್ರ ನಡಾವಳಿಯಲ್ಲಿ ಉಳಿಯುತ್ತದೆ.

ಕೆಟ್ಟದ್ದನ್ನೂ ಹೇಳಬೇಕು. ಪ್ರಶ್ನೆ ಕೇಳಲು ಹಣ ಪಡೆದರೆಂದು 2005ರ ಡಿಸೆಂಬರಿನಲ್ಲಿ ಸಂಸತ್ತಿನ 11 ಸದಸ್ಯರನ್ನು ಹೊರಗೆ ಹಾಕಿದರು. ಊರವರು ಕೊಡದ ಪ್ರಶ್ನೆಯ ಜಾಗಕ್ಕೆ ದುಡ್ಡಿರುವವರ ಪ್ರಶ್ನೆ ಬಂದು ಕೂರುತ್ತದೆ. ಇನ್ನು ನಮ್ಮ ವಿಧಾನಮಂಡಲ ವರ್ಷಕ್ಕೆ ಕನಿಷ್ಠ 60 ದಿನ ಸೇರಬೇಕೆಂದು 2005ರಲ್ಲಿ ಕಾಯಿದೆಯೇ ಆಗಿದೆ. ಬಹುಪಾಲು ವರ್ಷ ಅಷ್ಟು ದಿನ ಸೇರಿಲ್ಲ. ಸೇರಿದ ದಿನವೂ ಸಭಾಪೀಠದ ಮುಂದೆ ಬಂದು ಧರಣಿ ಕೂತರೆ ಪ್ರಶ್ನೋತ್ತರ ಕೊಚ್ಚಿಕೊಂಡು ಹೋಗುತ್ತದೆ. ಟಿ.ವಿ.ಯಲ್ಲಿ ಆ ಗಲಾಟೆ ನೋಡಿ ನಾವು ನಗುತ್ತೇವೆ. ಹೋದದ್ದು ನಮ್ಮ ಪ್ರೋತ್ಸಾಹಧನದ ಪ್ರಶ್ನೆ ಎಂದು ತಿಳಿದರೆ ನಗು ಬರುವುದಿಲ್ಲ.

ಉತ್ತರ ಬಂತು ಅಂದಮಾತ್ರಕ್ಕೆ ಕೆಲಸ ಆಯಿತೆಂದೂ ಅಲ್ಲ. ‘ಪರಿಶೀಲನೆಯಲ್ಲಿದೆ’, ‘ಅನುದಾನದ ಲಭ್ಯತೆಗೆ ಅನುಗುಣವಾಗಿ ಕ್ರಮ ವಹಿಸಲಾಗುವುದು’ ಎಂಬ ಉತ್ತರಗಳು ಬಾಗಿಲನ್ನು ಅರ್ಧ ಮುಚ್ಚಿದ ಹಾಗೆ. ಆದರೆ ‘ಮಾಡಿಕೊಡುತ್ತೇವೆ’ ಎಂದು ಮಂತ್ರಿಗಳು ಸದನದಲ್ಲಿ ಹೇಳಿದರೆ ಅದು ಭರವಸೆ. ಅದು ಈಡೇರಿತೋ ಇಲ್ಲವೋ ನೋಡಲಿಕ್ಕೆ ಶಾಸಕರದ್ದೇ ಒಂದು ಭರವಸೆಗಳ ಸಮಿತಿ ಇದೆ. ಆ ಉತ್ತರದ ಒಂದು ಪ್ರತಿ ನಮ್ಮ ಸಂಘದ ಕಡತದಲ್ಲಿದ್ದರೆ ಮುಂದಿನ ಅಧಿವೇಶನಕ್ಕೆ ಅದೇ ನಮ್ಮ ಉಪಪ್ರಶ್ನೆ.

ಬಂಧುಗಳೇ, ಇದೆಲ್ಲ ನಮಗೆ ಹೊಸದಲ್ಲ. ಪ್ರತಿ ವರ್ಷ ನಮ್ಮ ಸರ್ವಸದಸ್ಯರ ಸಭೆಯಲ್ಲಿ ಹಿಂದಿನ ಸಾಲಿನಿಂದ ಒಬ್ಬ ಅಜ್ಜ ಎದ್ದು, ‘ಅದೆಲ್ಲ ಇರಲಿ ಕಣ್ರಪ್ಪಾ, ಪಶು ಆಹಾರದ ಚೀಲದ ಲೆಕ್ಕ ಹೇಳ್ರಿ’ ಅಂತಾರೆ. ಆಗ ವೇದಿಕೆ ಮೇಲಿನ ನಮಗೆ ಬೆವರು ಬರುತ್ತದೆ. ಹಾಗೆ ಕೇಳುವವರು ಇದ್ದುದರಿಂದಲೇ ಈ ಸಂಘ ಇಪ್ಪತ್ತೈದು ವರ್ಷ ನಿಂತಿದೆ. 1905ರಲ್ಲಿ ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದಾಗಿನಿಂದ ಸಹಕಾರದ ಅಡಿಪಾಯ ಇದೇ: ಸದಸ್ಯ ಕೇಳಬೇಕು, ಆಡಳಿತ ಮಂಡಳಿ ಹೇಳಬೇಕು. ವಿಧಾನಸೌಧ ಅಂದರೆ ಇದರದ್ದೇ ದೊಡ್ಡ ರೂಪ.

ಆದ್ದರಿಂದ ಈ ಬೆಳ್ಳಿಹಬ್ಬದ ವರ್ಷ ಒಂದು ಸಣ್ಣ ಕೆಲಸ ಶುರುಮಾಡೋಣ ಎಂದು ಸೂಚಿಸುತ್ತೇವೆ. ಡೈರಿಯಲ್ಲಿ ಒಂದು ಪ್ರಶ್ನೆ ಪುಸ್ತಕ ಇಡೋಣ. ಪ್ರೋತ್ಸಾಹಧನ ಯಾವ ತಿಂಗಳದ್ದು ಬಂದಿಲ್ಲ, ಎಷ್ಟು ಜನಕ್ಕೆ ಬಂದಿಲ್ಲ, ನೀರಿನ ಘಟಕ ಯಾವತ್ತು ಕೆಟ್ಟಿತು, ಪಶುವೈದ್ಯರ ಹುದ್ದೆ ಎಂದಿನಿಂದ ಖಾಲಿ, ಕಡಲೆಕಾಯಿ ವಿಮೆ ಯಾವ ಸಾಲಿನದು ಬಾಕಿ, ಇವನ್ನು ತಾರೀಖು ಸಮೇತ ಬರೆಯೋಣ. ಓದಿದ ನಮ್ಮ ಹುಡುಗರು, ಹೆಣ್ಣುಮಕ್ಕಳು ಕೂತು ಅದನ್ನು ಅ, ಆ, ಇ ಮಾಡಿ ಬರೆಯಲಿ. ಅಧಿವೇಶನಕ್ಕೆ ಒಂದು ತಿಂಗಳು ಮುಂಚೆ ನಿರ್ಣಯ ಮಾಡಿ, ಸಂಘದ ಮೊಹರು ಹಾಕಿ, ಶಾಸಕರಿಗೆ ಮುಟ್ಟಿಸಿ ಸ್ವೀಕೃತಿ ಪಡೆಯೋಣ. ಬಂದ ಉತ್ತರವನ್ನು ನೋಟಿಸ್ ಬೋರ್ಡಿಗೆ ಅಂಟಿಸಿ, ಸರ್ವಸದಸ್ಯರ ಸಭೆಯಲ್ಲಿ ಎಲ್ಲರಿಗೂ ಕೇಳುವಂತೆ ಓದೋಣ. ಇದಕ್ಕೆ ಬೇಕಾದದ್ದು ಒಂದು ನೋಟ್ ಪುಸ್ತಕ, ಒಂದು ಪೆನ್ನು.

ಓಟು ಹಾಕಿ ಕಳಿಸಿದ ಮೇಲೆ ನಮ್ಮ ಕೆಲಸ ಮುಗಿಯಲಿಲ್ಲ. ಕೇಳುವ ಬಾಯಿ ಶಾಸಕರದ್ದಾದರೂ ಅಂಕಿ ಅಂಶ ಇರುವುದು ನಮ್ಮ ಹಟ್ಟಿಯಲ್ಲಿ, ನಮ್ಮ ಡೈರಿಯ ಲೆಡ್ಜರಿನಲ್ಲಿ. ಇದನ್ನು ಮನಸ್ಸಿಗೆ ತಂದುಕೊಳ್ಳಬೇಕೆಂದು ಕೇಳಿಕೊಳ್ಳುತ್ತೇವೆ.

ಜೈ ಸಹಕಾರ. ಜೈ ಕರ್ನಾಟಕ.