ಎಂಟು ವರ್ಷದ ಓದು



ಇಲ್ಲಿ ಹತ್ತನೆಯ ತರಗತಿ ಮುಗಿಸಿ ತಂದೆತಾಯಿಯ ಜೊತೆ ಅಮೆರಿಕಕ್ಕೆ ಹೋದವನು ನಾನು. ಈಗ ಅಲ್ಲಿ ಎಂ.ಡಿ.-ಪಿಎಚ್.ಡಿ. ಕೊನೆಯ ವರ್ಷದಲ್ಲಿದ್ದೇನೆ. 2 ವರ್ಷ ವೈದ್ಯಕೀಯ ಪಾಠ, 4 ವರ್ಷ ಸಂಶೋಧನೆ, ಮತ್ತೆ 2 ವರ್ಷ ಆಸ್ಪತ್ರೆ. ಇಂಥ ಓದಿಗೆ ಅಲ್ಲಿನ ಸರ್ಕಾರದ ಎನ್.ಐ.ಎಚ್. ಸಂಸ್ಥೆ 1964ರಿಂದ ನೆರವು ಕೊಡುತ್ತಿದೆ. ಆಯ್ಕೆಯಾದವರಿಗೆ ಶುಲ್ಕವಿಲ್ಲ, ಖರ್ಚಿಗೆ ಭತ್ಯೆಯೂ ಉಂಟು.

"ಇನ್ನೂ ಮುಗಿಯಲಿಲ್ಲವೇನಪ್ಪಾ?" ಎಂದು ಊರಿನವರು ಕೇಳುತ್ತಾರೆ. ನನ್ನ ಜೊತೆ ಸೇರಿದವರು ಡಾಕ್ಟರಾದ ದಿನ ನಾನು ಪ್ರಯೋಗಾಲಯದಲ್ಲಿ ಸತ್ತ ಜೀವಕೋಶಗಳನ್ನು ಚೆಲ್ಲುತ್ತಿದ್ದೆ. 11 ತಿಂಗಳ ಕೆಲಸ ವ್ಯರ್ಥವಾಗಿತ್ತು. ಬಿಟ್ಟುಬಿಡೋಣವೆನಿಸಿತು.

ಆಗ ನೆನಪಾದದ್ದು ಈ ಶಾಲೆಯ ಲ್ಯಾಬು. ಲಿಟ್ಮಸ್ ಬಣ್ಣ ಬದಲಾಗದೆ, ಪಕ್ಕದವನ ಉತ್ತರ ನೋಡಿ ಬರೆಯಹೊರಟಿದ್ದೆ. "ನಿನಗೆ ಕಂಡದ್ದನ್ನೇ ಬರಿ" ಎಂದಿದ್ದರು ವಿಜ್ಞಾನದ ಮೇಷ್ಟ್ರು. ಅಂದು ರಾತ್ರಿ ಕಂಡದ್ದನ್ನೆಲ್ಲ ಬರೆದೆ. ಎಲ್ಲಿ ತಪ್ಪಿದ್ದೆನೆಂಬುದು ಅದರಲ್ಲೇ ಸಿಕ್ಕಿತು.

4 ವರ್ಷದ ಮೇಲೆ ವಾರ್ಡಿಗೆ ಮರಳಿದಾಗ ಸ್ಟೆತಾಸ್ಕೋಪಿನಲ್ಲಿ ಎದೆಬಡಿತ ಗುರುತಿಸುವುದೇ ಮರೆತಿತ್ತು. ನನಗಿಂತ ಕಿರಿಯರನ್ನು ಕೇಳಿ ಕಲಿತೆ.

ಮಕ್ಕಳೇ, ತಡವಾದರೆ ಚಿಂತೆಯಿಲ್ಲ. ತಪ್ಪಾದ ಉತ್ತರವನ್ನು ಅಳಿಸಬೇಡಿ, ಮೇಷ್ಟ್ರಿಗೆ ತೋರಿಸಿ.