ಒಣನಾಡಿನ ಲಂಗರು

ಚಿತ್ರದುರ್ಗಕ್ಕೂ ಕಡಲಿಗೂ ನಡುವೆ ಇಡೀ ಮಲೆನಾಡು ಅಡ್ಡ ನಿಂತಿದೆ. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಕಡೆಯ ಹಿರಿಯರಲ್ಲಿ ಹಡಗನ್ನು ಚಿತ್ರದಲ್ಲಷ್ಟೇ ಕಂಡವರು ಬಹಳ ಮಂದಿ. ಆದರೆ ಚಿತ್ರದುರ್ಗದಲ್ಲಿ ವಕೀಲರಾಗಿದ್ದ ಎಸ್. ನಿಜಲಿಂಗಪ್ಪನವರು 1956ರಲ್ಲಿ ಮುಖ್ಯಮಂತ್ರಿಯಾದದ್ದನ್ನು ‘ರಾಜ್ಯದ ಚುಕ್ಕಾಣಿ ಹಿಡಿದರು’ ಎಂದರೆ ಇಲ್ಲಿ ಯಾರೂ ಅರ್ಥ ಕೇಳುವುದಿಲ್ಲ. ಚುಕ್ಕಾಣಿಯೆಂದರೆ ಹಡಗಿನ ದಿಕ್ಕು ತಿರುಗಿಸುವ ಹಲಗೆ. ಅರಬ್ಬಿಯ ‘ಸುಕ್ಕಾನ್’ ಅದರ ಮೂಲ.

ಲಂಗರು, ಬಂದರು ಎರಡೂ ಪಾರಸಿಯಿಂದ ಬಂದವು. ವಿಜಯನಗರದ ಕಾಲದಲ್ಲಿ ಭಟ್ಕಳ, ಹೊನ್ನಾವರಗಳಿಗೆ ಕುದುರೆಗಳನ್ನು ತಂದಿಳಿಸಿದ್ದು ಪಶ್ಚಿಮದ ಹಡಗುಗಳು. ಸರಕಿನೊಂದಿಗೆ ಮಾತೂ ಇಳಿಯುವುದು ವ್ಯಾಪಾರದ ರೀತಿ. ತಮಿಳರ ನಾಲಗೆಯಲ್ಲಿ ಅದೇ ಲಂಗರು ‘ನಂಗೂರಂ’ ಆಯಿತು. ಪಾರಸಿಯಲ್ಲಿ ‘ಲಂಗರ್’ ಎಂಬುದಕ್ಕೆ ಬಡಬಗ್ಗರಿಗೆ ಅನ್ನವಿಕ್ಕುವ ಮನೆ ಎಂಬ ಅರ್ಥವೂ ಉಂಟು. ಸಿಖ್ಖರ ಗುರುದ್ವಾರದ ‘ಲಂಗರ್’, ನಮ್ಮ ಮಠಗಳ ದಾಸೋಹದಂಥದು, ಆ ಮಾತೇ.

ಕಡಲಿನ ಮಾತುಗಳನ್ನು ಹೀಗೆ ಕಡ ತಂದ ಕನ್ನಡ ಹೊಳೆಯ ವಿಷಯದಲ್ಲಿ ಯಾರ ಮುಂದೆಯೂ ಕೈಚಾಚಲಿಲ್ಲ. ತೆಪ್ಪ, ಹರಿಗೋಲು, ಹುಟ್ಟು, ಅಂಬಿಗ ಎಲ್ಲ ಮನೆಯವೇ. ‘ಅಂಬಿ’ ಎಂದರೆ ದೋಣಿ. ಅದನ್ನು ನಡೆಸುವವನು ಅಂಬಿಗ. ದೋಣಿಯ ಹೆಸರು ಬಳಕೆ ತಪ್ಪಿತು, ದೋಣಿಯವನ ಹೆಸರು ಉಳಿಯಿತು. ‘ಹಡಗು’ ಕೂಡ ತಮಿಳಿನ ‘ಪಡಗು’ವಿನ ದಾಯಾದಿ.

ಇಂಗ್ಲಿಷಿನ ‘ಆಂಕರ್’ ಕಥೆ ಇನ್ನೂ ಸ್ವಾರಸ್ಯದ್ದು. ಇಂದಿನ ಹುಡುಗರಿಗೆ ಆಂಕರ್ ಎಂದರೆ ಟೀವಿಯಲ್ಲಿ ಕಾರ್ಯಕ್ರಮ ನಡೆಸಿಕೊಡುವವರು! ಅದರ ಗ್ರೀಕ್ ಮೂಲ ‘ಅಂಕೂರ’. ಬಾಗು, ಕೊಕ್ಕೆ ಎಂಬ ಅರ್ಥದ ಪುರಾತನ ಧಾತುವೊಂದರಿಂದ ಅದು ಹುಟ್ಟಿತು. ಸಂಸ್ಕೃತದ ‘ಅಂಕುಶ’ವೂ ಅದೇ ಧಾತುವಿನ ಕೂಸು. ಮದಕರಿಯೆಂದು ಹೆಸರಿಟ್ಟುಕೊಂಡ ನಾಯಕರ ಊರಿಗೆ ಆನೆಯ ಅಂಕುಶವನ್ನು ಪರಿಚಯಿಸಬೇಕಾಗಿಲ್ಲ. ಒಣನಾಡಿನ ಊರಿಗೂ ಲಂಗರಿಗೂ ಏನು ಸಂಬಂಧವೆನ್ನುವವರು ತುರ್ಕಿಯ ರಾಜಧಾನಿ ಅಂಕಾರವನ್ನು ನೋಡಬೇಕು. ಕಡಲಿನಿಂದ ದೂರದ ಆ ಊರಿನ ಹಳೆಯ ಹೆಸರೇ ಲಂಗರು. ಅದರ ಪ್ರಾಚೀನ ನಾಣ್ಯಗಳ ಮೇಲೂ ಲಂಗರಿನ ಚಿತ್ರವಿದೆ.

ಮೊದಲ ಲಂಗರು ಹಗ್ಗಕ್ಕೆ ಕಟ್ಟಿದ ಕಲ್ಲು. ದ್ವಾರಕೆಯ ಕಡಲಿನಲ್ಲಿ ತೂತು ಕೊರೆದ ಅಂಥ ಕಲ್ಲುಗಳು ಬಹಳಷ್ಟು ಸಿಕ್ಕಿವೆ. ಕಲ್ಲು ಭಾರದಿಂದ ಹಿಡಿಯುತ್ತದೆ, ಕಬ್ಬಿಣದ ಲಂಗರು ಕೊಕ್ಕೆಯಿಂದ. ಸರಪಳಿಯನ್ನು ನೀರಿನ ಆಳದ ಹಲವು ಪಟ್ಟು ಉದ್ದಕ್ಕೆ ಬಿಡುತ್ತಾರೆ. ಆಗ ಎಳೆತ ಮೇಲ್ಮುಖವಾಗದೆ ಅಡ್ಡಡ್ಡಲಾಗಿ ಬೀಳುತ್ತದೆ, ಕೊಕ್ಕೆ ಇನ್ನಷ್ಟು ಆಳಕ್ಕೆ ಕಚ್ಚುತ್ತದೆ. ಬಿಡಿಸಿಕೊಳ್ಳಬೇಕಾದರೆ ಹಡಗನ್ನು ಲಂಗರಿನ ನೆತ್ತಿಗೆ ತಂದು ನೆಟ್ಟಗೆ ಎತ್ತಬೇಕು.

ಇದೇ ರೂಪದ ಉಪಕರಣ ಈ ಸೀಮೆಯಲ್ಲೂ ಇತ್ತು: ಪಾತಾಳಗರಡಿ. ಹಗ್ಗ ಕಳಚಿ ಬಾವಿಗೆ ಬಿದ್ದ ಕೊಡವನ್ನು ತಡಕಿ ಎತ್ತುವ, ಹಲವು ಕೊಕ್ಕೆಗಳ ಕಬ್ಬಿಣದ ಗೊಂಚಲು. ಸಣ್ಣ ದೋಣಿಗಳ ಬಹುಕೊಕ್ಕೆಯ ಲಂಗರಿನ ಪಕ್ಕ ಇಟ್ಟರೆ ಅಣ್ಣತಮ್ಮಂದಿರೆನಿಸುತ್ತವೆ. ಒಂದು ದೋಣಿಯನ್ನು ನಿಲ್ಲಿಸುತ್ತದೆ, ಇನ್ನೊಂದು ಮುಳುಗಿದ್ದನ್ನು ತರುತ್ತದೆ. ಊರಿಗೆ ಒಂದೆರಡಿದ್ದರೂ ಸಾಕಾಗುತ್ತಿತ್ತು. ಬೇಕಾದವರು ಕೇಳಿ ಒಯ್ದು ಹಿಂದಿರುಗಿಸುತ್ತಿದ್ದರು.

ಈಗ ಬಾವಿಗಳೇ ಬತ್ತಿವೆ. ನೀರು ನೂರಾರು ಅಡಿ ಕೆಳಗಿನ ಕೊಳವೆಬಾವಿಗೆ ಇಳಿದಿದೆ. ಅಲ್ಲಿ ಕೊಡಕ್ಕೆ ಕೆಲಸವಿಲ್ಲ. ವೇದಾವತಿಗೆ ಅಡ್ಡಲಾಗಿ 1907ರಲ್ಲಿ ಮುಗಿದ ಮಾರಿಕಣಿವೆಯ ವಾಣಿವಿಲಾಸ ಸಾಗರ 1933ರಲ್ಲಿ ತುಂಬಿತು. ಮತ್ತೆ ತುಂಬಿದ್ದು 2022ರಲ್ಲಿ, 89 ವರ್ಷಗಳ ಮೇಲೆ. ಹೊಸದುರ್ಗ ತಾಲ್ಲೂಕಿನವರೆಗೆ ಚಾಚಿದ ಆ ಹಿನ್ನೀರನ್ನು ನೋಡಲು ಜನ ಕಿಕ್ಕಿರಿದರು. ಕೆರೆ ತುಂಬಿದರೂ ಸೇದುವ ಬಾವಿಯ ಬದುಕು ಮರಳಲಿಲ್ಲ. ರಾಟೆ, ಕಣ್ಣಿ, ಪಾತಾಳಗರಡಿ ಎಂಬ ಮಾತುಗಳು ಒಂದೊಂದಾಗಿ ಅಟ್ಟ ಸೇರುತ್ತಿವೆ.

ಕೊಳವೆಬಾವಿಯೊಳಗೆ ಕಳಚಿಬಿದ್ದ ಮೋಟಾರು, ಪೈಪುಗಳನ್ನು ಎತ್ತುವುದೂ ಕೊಕ್ಕೆಯ ಕೆಲಸವೇ. ಮೋಟಾರು ಎತ್ತುವ ಕೆಲಸಗಾರರಿಗೆ ಆ ಸಲಕರಣೆಗಳಿಗೆ ಅವರವೇ ಹೆಸರುಗಳಿರುತ್ತವೆ. ಮುಂದಿನ ಸಲ ಅವರು ಹೊಲಕ್ಕೆ ಬಂದಾಗ ಆ ಹೆಸರು ಕೇಳಿ ಬರೆದಿಟ್ಟುಕೊಳ್ಳಬಹುದು. ಅಟ್ಟದ ಮೇಲೆ ಪಾತಾಳಗರಡಿ ಇನ್ನೂ ಇದ್ದರೆ, ಅದರ ಒಂದೊಂದು ಕೊಕ್ಕೆಗೆ ಏನೆನ್ನುತ್ತಿದ್ದರೆಂದು ಅಜ್ಜಿಯನ್ನೂ ಕೇಳಬಹುದು.